ಕೈಲಾಸನ ಜರ್ಸಿ

“ಆಟ ಮರ್ತುಹೋಗುತ್ತೆ ಕಣೋ, ಫೋಟೋ ಉಳಿಯುತ್ತೆ” ಎಂದೋ ಏನೋ ನೀವು ಹೇಳುತ್ತಿದ್ದಿರಿ, ಸಾರ್. ಇವತ್ತು ಜಯನಗರದ ನಮ್ಮ ಕಾಲೇಜಿನಲ್ಲಿ ನಿಮಗೆ ಶ್ರದ್ಧಾಂಜಲಿ ಸಭೆಯಿತ್ತು. ಫುಟ್‌ಬಾಲ್ ಕೋಚ್, ದೈಹಿಕ ಶಿಕ್ಷಣ ನಿರ್ದೇಶಕ, ವಿಶ್ವವಿದ್ಯಾಲಯದ ಕ್ರೀಡಾ ಸಮಿತಿಯ ಅಧ್ಯಕ್ಷ ಎಂದು ಪ್ರಿನ್ಸಿಪಾಲರು ನಿಮ್ಮ ಪದವಿಗಳನ್ನು ಓದಿದರು. ಯಾರನ್ನು ಬೆಂಚಿನಲ್ಲಿ ಕೂರಿಸಿ ಅವನ್ನು ಗಳಿಸಿದಿರಿ ಎಂಬುದನ್ನು ಓದಲಿಲ್ಲ.

ಆಮೇಲೆ ಪರದೆಯ ಮೇಲೆ ನಮ್ಮ ತಂಡದ ಫೋಟೋ ಬಂತು. ಅದು ಅಂತರಕಾಲೇಜು ಫೈನಲ್ ದಿನದ್ದು. ಫೋಟೋಗೆ ಐದು ನಿಮಿಷ ಮುಂಚೆ ನೀವು ಕೈಲಾಸನ ಜರ್ಸಿ ಬಿಚ್ಚಿಸಿ, ನಾನು ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿಯ ಮಗನೆಂದು ಅದನ್ನು ನನಗೆ ಕೊಟ್ಟಿರಿ. ಅದಿನ್ನೂ ಬೆಚ್ಚಗಿತ್ತು. ನಾನು ತೊಟ್ಟುಕೊಂಡು ಮೈದಾನಕ್ಕಿಳಿದೆ. ನಿಮ್ಮ ಸರ್ಟಿಫಿಕೇಟಿನಿಂದ ನನಗೆ ಕ್ರೀಡಾ ಕೋಟಾದಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತು. ಮರುವರ್ಷ ನೀವು ನಿರ್ದೇಶಕರಾದಿರಿ.

ಕೋಣನಕುಂಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಕೈಲಾಸ ನನ್ನ ಪಕ್ಕದಲ್ಲೇ ಕೂತಿದ್ದ. “ನಿಂಗೆ ಲೂಸಾಗಿತ್ತಲ್ಲ ಮಗಾ ಅದು, ನೈಟಿ ಥರ!” ಎಂದು ನಕ್ಕ. ಎದ್ದು ಹೋಗಿ ನಿಮಗೆ ಹೂ ಹಾಕಿ ಕೈಮುಗಿದು ಬಂದ. ನಾನು ಏಳಲಿಲ್ಲ. ನಿಮ್ಮಂಥವರ ಮುಂದೆ ತಲೆಬಾಗಬಾರದೆಂದು ಕೂತಿದ್ದೆ ಎಂದುಕೊಳ್ಳುತ್ತೇನೆ.

ಒಂದು ಕೇಳುತ್ತೇನೆ, ಸಾರ್. ಅವತ್ತು ನಾನು ಬೇಡ ಎಂದಿದ್ದರೆ, ನೀವು ಅವನನ್ನೇ ಆಡಿಸುತ್ತಿದ್ದಿರಾ?