ಅರ್ಧ ಎಳೆದ ಪುಟ

ಜೂನ್ 9, ಸೋಮವಾರ

ನ್ಯೂಜಿಲೆಂಡಿನ ಈ ಪೊರಿರುವಾದಲ್ಲಿ ದಕ್ಷಿಣದ ಗಾಳಿ. ಕಿಟಕಿ ಬೆಳಿಗ್ಗೆಯಿಂದ ಅಲುಗುತ್ತಲೇ ಇದೆ. ಕೆಲಸ ಮಾತ್ರ ಅದೇ — ಟ್ಯಾಬ್ ಬಾರ್. ಒಂಟಿಯಾಗಿರುವ ಹಿರಿಯರಿಗಾಗಿ ಮಾಡುತ್ತಿರುವ ಆ್ಯಪ್. ಬಾರ್ ಎಂದರೆ ಪರದೆಯ ಅಡಿಯಲ್ಲಿ ನಾಲ್ಕು ಗುಂಡಿಗಳ ಸಾಲು: ಮನೆ, ಔಷಧಿ, ಓದು, ಕೊನೆಗೆ ಕೆಂಪು ಬಣ್ಣದ ಸಹಾಯ. ಕವಿತೆಯ ಪುಟ ತೆರೆದಾಗ ಸಾಲು ಮರೆಯಾಗಬೇಕು, ಹಿಂದಕ್ಕೆ ಬಂದಾಗ ಕಾಣಬೇಕು.

ಮರೆ ಮಾಡುವುದು ನನ್ನದೇ ಹಟ. ಕವಿತೆ ಮುಗಿದ ಮೇಲೆ ಬಿಳಿ ಜಾಗ ಇರಬೇಕು, ಗುಂಡಿಗಳಲ್ಲ — ಮೀಟಿಂಗ್‌ನಲ್ಲಿ ವಾದಿಸಿ ಗೆದ್ದೆ.

ಒಂದು ದೋಷ ಸಿಕ್ಕಿದೆ. ಹಿಂದೆ ಹೋಗಲು ಪುಟವನ್ನು ಅರ್ಧ ಎಳೆದು ಬಿಟ್ಟುಬಿಟ್ಟರೆ ಬಾರ್ ಒಂದು ಕ್ಷಣ ಇಣುಕಿ ಮಾಯವಾಗುತ್ತದೆ. ಆಮೇಲೆ ಎಲ್ಲಿಗೆ ಹೋದರೂ ನಿಲ್ಲುವುದಿಲ್ಲ; ಪುಟ ಎಳೆದು ಹಿಡಿದಾಗ ಮಾತ್ರ ಇಣುಕುತ್ತದೆ. ಆ್ಯಪ್ ಮುಚ್ಚಿ ಮತ್ತೆ ತೆರೆಯಬೇಕು.

ಟೀಮ್ ಲೀಡ್ ಕೇದಾರ್ ನಕ್ಕರು. "ಅರ್ಧ ಸ್ವೈಪ್ ಯಾರ್ ಮಾಡ್ತಾರೆ ಮೇಡಂ? ಹೋಗೋರು ಹೋಗ್ತಾರೆ, ಇರೋರು ಇರ್ತಾರೆ."

ನಾನೂ ನಕ್ಕೆ. ಲೋ ಪ್ರಯಾರಿಟಿ ಎಂದು ಬರೆದೆ.

ಜೂನ್ 14, ಶನಿವಾರ

ಕಾತ್ಯಾಯಿನಿ ಆಂಟಿ ಮನೆಗೆ ಹೋಗಿದ್ದೆ. ನಮ್ಮದೇ ಬೀದಿ, ಮೂರನೆಯ ಮನೆ. ನಮ್ಮ ಕನ್ನಡ ಆವೃತ್ತಿಯನ್ನು ದಿನವೂ ಬಳಸುವವರು ಅವರೊಬ್ಬರೇ. ಬೆಳಿಗ್ಗೆ ಕಾಫಿಗೆ ಮುಂಚೆ ಒಂದು ಕವಿತೆ.

"ಏನೇ ತೇಜು, ನಿನ್ನ ಪಟ್ಟಿ ಮತ್ತೆ ಒಳಗೋಯ್ತಲ್ಲೇ! ನನ್ ಮೊಣಕಾಲಿನ ಥರ. ಒಂದ್ಸಲ ಮಡಚಿಕೊಂಡ್ರೆ ವಾಪಸ್ ಬರಲ್ಲ."

ಏನು ಮಾಡಿದಿರಿ ಎಂದೆ. ತೋರಿಸಿದರು. ಹೆಬ್ಬೆರಳಿನಿಂದ ಪುಟವನ್ನು ಅರ್ಧ ಎಳೆದು, ಹಿಂದಿನದನ್ನು ನೋಡಿ, ಬಿಟ್ಟರು.

"ಯಾಕೆ ಆಂಟಿ ಹಾಗೆ?"

"ಹಿಂದಿಂದು ಅಲ್ಲೇ ಇದ್ಯಾ ಅಂತ ಇಣುಕ್ತೀನಿ ಅಷ್ಟೆ. ಅನ್ನದ ತಪ್ಪಲೆ ಮುಚ್ಚಳ ಓರೆ ಮಾಡಿ ನೋಡಲ್ವಾ?"

ಆ್ಯಪ್ ಮುಚ್ಚಿ ತೆರೆದುಕೊಟ್ಟೆ. ಹೊರಡುವಾಗ ಮತ್ತೆ ಹೇಳಿದೆ: ಏನಾದರೂ ಆದರೆ ಬೇರೇನೂ ಮುಟ್ಟಬೇಡಿ, ಕೆಳಗಿನ ಕೆಂಪು ಗುಂಡಿ ಒತ್ತಿ. ಕರೆ ನೇರ ನನಗೇ ಬರುತ್ತದೆ.

"ಆಯ್ತಮ್ಮಾ ಮೇಡಮ್ಮೋರೆ."

ಜೂನ್ 19, ಗುರುವಾರ

ನಾಳೆ ಮತಾರಿಕಿ, ಮಾವೋರಿ ಹೊಸವರ್ಷದ ರಜೆ. ಕಡಲ ದಂಡೆಯ ಪುಟ್ಟ ರಜಾಮನೆ, ಇಲ್ಲಿಯವರ ಬಾಚ್, ಬುಕ್ ಆಗಿದೆ — ನಾನು, ಸಮುದ್ರ, ಎರಡು ಕವನ ಸಂಕಲನ. ಅರ್ಧ ಸ್ವೈಪ್ ಸರಿಪಡಿಸಲು ಒಂದು ಗಂಟೆ ಸಾಕಿತ್ತು. ಸೋಮವಾರ ನೋಡೋಣ.

ಜೂನ್ 29, ಭಾನುವಾರ

ಆಂಟಿ ಬಿದ್ದದ್ದು ಮತಾರಿಕಿ ಶುಕ್ರವಾರ, 20ರ ಬೆಳಿಗ್ಗೆ. ಎರಡು ದಿನ ಹಾಲಿಗೆ ಬರಲಿಲ್ಲವೆಂದು ಬೀದಿ ತುದಿಯ ಡೇರಿ ಅಂಗಡಿಯವರು ಹೋಗಿ ನೋಡಿದ್ದು ಮರುದಿನ ಶನಿವಾರ ಮಧ್ಯಾಹ್ನ. ಆಸ್ಪತ್ರೆಯಲ್ಲಿದ್ದಾರೆ. ಇನ್ನೂ ಕಣ್ಣು ತೆರೆದಿಲ್ಲ.

ಬಾಚ್‌ನಲ್ಲಿ ಫೋನ್ ನನ್ನ ಪಕ್ಕದಲ್ಲೇ ಇತ್ತು. ಸಿಗ್ನಲ್ ಇತ್ತು. ಕರೆ ಬರಲಿಲ್ಲ.

ಆಂಟಿಯ ಮಗ ನಿತೀಶ್ ಆಕ್ಲೆಂಡ್‌ನಿಂದ ಬಂದಿದ್ದಾನೆ. ಅವರ ಫೋನ್ ನನ್ನ ಕೈಗೆ ಕೊಟ್ಟ. "ಅಮ್ಮನ ಕೈಯಲ್ಲೇ ಇತ್ತು ಅಕ್ಕಾ. ಕೆಂಪು ಬಟನ್ ಯಾಕೆ ಒತ್ಲಿಲ್ಲ ಅಂತ ಸ್ವಲ್ಪ ನೋಡ್ತೀರಾ?"

ನೋಡುತ್ತೇನೆ ಎಂದೆ. ಗಾಜು ಒಡೆದಿದೆ, ಚಾರ್ಜ್ ಇಲ್ಲ. ಡ್ರಾಯರ್‌ನಲ್ಲಿಟ್ಟಿದ್ದೇನೆ.

ಜುಲೈ 2, ಬುಧವಾರ

ಆಂಟಿಯ ಫೋನಿನಿಂದ ಸರ್ವರಿಗೆ ಬಂದಿದ್ದ ಲಾಗ್ ತೆರೆದೆ. ಬಾರ್ ಕಂಡರೆ ಶೋನ್, ಮರೆಯಾದರೆ ಹಿಡನ್ ಎಂದು ಆ್ಯಪ್ ಒಂದೊಂದು ಸಾಲು ಬರೆದುಕೊಳ್ಳುತ್ತದೆ. ನಾನೇ ಬರೆಸಿದ್ದು.

ಆ ಶುಕ್ರವಾರ 6.52ರಿಂದ 7.31ರವರೆಗೆ. ಶೋನ್. ಹಿಡನ್. ಶೋನ್. ಹಿಡನ್. ನಲವತ್ತಮೂರು ಸಲ.

ಹೆಬ್ಬೆರಳು ಪುಟವನ್ನು ಎಳೆದು ಹಿಡಿದಿರುವಷ್ಟು ಹೊತ್ತು ಕೆಂಪು ಗುಂಡಿ ಕಾಣುತ್ತದೆ. ಒತ್ತಲು ಬೆರಳೆತ್ತಿದರೆ ಇಲ್ಲ. ಇನ್ನೊಂದು ಕೈ ಅವರ ಮೈ ಕೆಳಗೆ ಸಿಕ್ಕಿಕೊಂಡಿತ್ತಂತೆ.

ಬೇರೇನೂ ಮುಟ್ಟಬೇಡಿ ಎಂದಿದ್ದೆ. ಮುಟ್ಟಲಿಲ್ಲ.

ಜುಲೈ 4, ಶುಕ್ರವಾರ

ಲಾಗ್ ನಿಂತಿಲ್ಲ. ಜೂನ್ 21ರಿಂದ ಪ್ರತಿದಿನ 6.52ಕ್ಕೆ ಶುರು. ಶೋನ್. ಹಿಡನ್. ಆಂಟಿಯ ಫೋನಿನದೇ ನಂಬರು.

"ಹಳೇ ಡೇಟಾ ಮೇಡಂ," ಅಂದರು ಕೇದಾರ್. "ಎಲ್ಲೋ ಸಿಕ್ಕಾಕೊಂಡಿದ್ದು ಈಗ ಸರ್ವರ್‌ಗೆ ಬರ್ತಿರ್ಬೇಕು."

"ಟೈಮ್ ಇವತ್ತಿನದಿದೆ."

ಅವರು ಪರದೆಯನ್ನು ಬಹಳ ಹೊತ್ತು ನೋಡಿದರು. ನಗಲಿಲ್ಲ. "ಮನೆಗ್ ಹೋಗಿ, ರೆಸ್ಟ್ ತಗೊಳ್ಳಿ."

ಮನೆಗೆ ಬಂದು ಡ್ರಾಯರ್ ತೆರೆದೆ. ಫೋನ್ ಸತ್ತೇ ಇದೆ. ಒಡೆದ ಗಾಜಿನ ಎಡ ಅಂಚಿನಿಂದ ನಡುವಿನವರೆಗೆ ಮಾತ್ರ ಬೆರಳಿನ ಜಿಡ್ಡು. ಒರೆಸಿದೆ.

ಜುಲೈ 6, ಭಾನುವಾರ

ಆಸ್ಪತ್ರೆ. ಆಂಟಿಯ ಮುಖ ಚಿಕ್ಕದಾಗಿದೆ. ಬಲಗೈ ಹೊದಿಕೆಯ ಮೇಲೆ. ಕವಿತೆ ಓದೋಣವೆಂದು ಪುಸ್ತಕ ತೆಗೆದೆ, ಮುಚ್ಚಿ ಮಡಿಲಲ್ಲಿಟ್ಟುಕೊಂಡೆ.

ಹೆಬ್ಬೆರಳು ಅಲುಗಿತು. ಎಡದಿಂದ ಬಲಕ್ಕೆ ಸ್ವಲ್ಪ ದೂರ ಜಾರಿ ನಿಂತಿತು. ಎದ್ದಿತು. ಮತ್ತೆ ಎಡಕ್ಕೆ...

ನರಗಳ ಸೆಳೆತ ಅಷ್ಟೆ, ಎಂದಳು ನರ್ಸ್. ಗೋಡೆಯ ಗಡಿಯಾರ 2.15.

ಮನೆಗೆ ಬಂದು ನೋಡಿದೆ. ಬೆಳಗಿನ ಸಾಲುಗಳ ಕೆಳಗೆ ಹೊಸದು. 2.15 — ಶೋನ್. ಹಿಡನ್.

ಡ್ರಾಯರ್ ತೆರೆದೆ. ಮೊನ್ನೆ ಒರೆಸಿದ ಗಾಜು. ಅರ್ಧದವರೆಗೆ ಜಿಡ್ಡು.

ಜುಲೈ 8, ಮಂಗಳವಾರ

ಸರಿಪಡಿಸಿದೆ. ಒಂದು ಗಂಟೆಯೂ ಬೇಕಾಗಲಿಲ್ಲ. ಇನ್ನು ಬಾರ್ ಎಲ್ಲಿಯೂ ಮರೆಯಾಗುವುದಿಲ್ಲ, ಕವಿತೆಯ ಕೆಳಗೂ. ಬಿಳಿ ಜಾಗ ಹೋಯಿತು. ಹೋಗಲಿ.

ಕೇದಾರ್ ಏನೂ ಕೇಳದೆ ರಿಲೀಸ್ ಮಾಡಿದರು. ನಿತೀಶ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ — ದೋಷ ಮೊದಲೇ ಗೊತ್ತಿತ್ತು, ಆಂಟಿಯೇ ತೋರಿಸಿಕೊಟ್ಟಿದ್ದರು, ನಾನು ರಜೆಗೆ ಹೋದೆ ಎಂದು. "ಅಮ್ಮ ನಿಮ್ಮನ್ನ ತುಂಬಾ ನಂಬಿದ್ರು ಅಕ್ಕಾ" ಎಂದು ಫೋನ್ ಇಟ್ಟುಬಿಟ್ಟ.

ಜುಲೈ 9, ಬುಧವಾರ, ಬೆಳಿಗ್ಗೆ 6.40

ಲಾಗ್ ತೆರೆದಿಟ್ಟು ಕೂತಿದ್ದೇನೆ. ಆಂಟಿಯ ಫೋನ್ ಮೇಜಿನ ಮೇಲೆ, ಕಣ್ಣೆದುರಿಗೇ.

6.52

ಶೋನ್.

ಹಿಡನ್ ಬರಲಿಲ್ಲ. ಕಾಯುತ್ತಿದ್ದೇನೆ. ಬರಲಿಲ್ಲ. ಬಾರ್ ಅಲ್ಲೇ ನಿಂತಿದೆ.

6.53

ಹೊಸ ಸಾಲು. ಸಹಾಯ — ಒತ್ತಲಾಗಿದೆ.

ನನ್ನ ಫೋನ್ ಬಡಿದುಕೊಳ್ಳುತ್ತಿದೆ. ಕಾತ್ಯಾಯಿನಿ ಆಂಟಿ ಎಂದು ಹೆಸರು. ಅವರ ಫೋನ್ ಇಲ್ಲೇ ಇದೆ, ಕಪ್ಪಗೆ, ತಣ್ಣಗೆ. ಬಡಿತ ಎಣಿಸುತ್ತ ಬರೆಯುತ್ತಿದ್ದೇನೆ. ನಾಲ್ಕು ಸಲ ಬಡಿಯಿತು. ಐದು. ಇನ್ನು ಕಾಯಿಸುವುದಿಲ್ಲ. ಎತ್ತುತ್ತೇನೆ. ಎತ್ತಿ ಮೊದಲು ಕೇಳುವುದು ಇಷ್ಟೇ — ಆಂಟಿ, ಎಲ್ಲಿದ್ದೀರಿ —