ಒಸಡಿನ ಕೆಳಗಿನ ಬಿಳಿ ಗೆರೆ

ಜಕ್ಕೂರು
೧೧-೬-೨೦೨೫

ಭಾವನವರಾದ ವೇಣುಗೋಪಾಲ್ ಅವರಿಗೆ ಅಶ್ವತ್ಥಪ್ಪನ ನಮಸ್ಕಾರ.

ಗೌರಿಬಿದನೂರಿನಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಯುಗಾದಿಗೆ ನೀವು ಬರೆದ ಕಾಗದಕ್ಕೆ ಈಗ ಉತ್ತರ, ಬೈಯಬೇಡಿ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ತಂಗಿ ಪಕ್ಕದಲ್ಲೇ ಕಿವಿಯಿಟ್ಟು ಕೂರುತ್ತಾಳೆ. ಈಗ ಕೆರೆಯ ಕಡೆ ವಾಕಿಂಗ್ ಹೋಗಿದ್ದಾಳೆ. ಬರುವುದರೊಳಗೆ ಬರೆದು ಮುಗಿಸಬೇಕು.

ದ್ರೌಪದಿಗೆ ಎಡಗಡೆ ಒಸಡು ಮೂರು ತಿಂಗಳಿಂದ ಊದಿತ್ತು. ಲವಂಗ, ಉಪ್ಪುನೀರು ಎಲ್ಲ ಆಯಿತು. ಎರಡು ಹಲ್ಲು ಅಲ್ಲಾಡತೊಡಗಿದಾಗ ಸೋಲದೇವನಹಳ್ಳಿ ಕಡೆಯ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಡಾಕ್ಟರ್ ರಕ್ಷಾ ಅಂತ, ನಮ್ಮ ಮಗಳ ವಯಸ್ಸಿನವರು, ಸ್ಕ್ಯಾನಿಂಗ್ ಮಾಡಬೇಕೆಂದರು. ಹೊಟ್ಟೆಗೆ ಮಾಡುತ್ತಾರಲ್ಲ, ಅದೇ. ಆದರೆ ಬಾಯೊಳಗೆ ಹೋಗುವಂಥ ಬೆರಳುದ್ದದ ಕೋಲು. ತಣ್ಣನೆಯ ಜೆಲ್ ಸವರುವಾಗ ನಿಮ್ಮ ತಂಗಿ ಸುಮ್ಮನಿರುವಳೇ?

“ಅರವತ್ತರಾಗೆ ನಂಗೆ ಸ್ಕ್ಯಾನಿಂಗಾ? ಗಂಡೋ ಎಣ್ಣೋ ಯೋಳ್ಬುಡವ್ವ!”

“ಅದ್ ಮಾತ್ರ ಹೇಳೋ ಹಾಗಿಲ್ಲ ಆಂಟಿ. ಕಾನೂನಿದೆ,” ಎಂದು ಡಾಕ್ಟರೂ ನಕ್ಕರು.

ನಗು ಅಲ್ಲಿಗೇ ನಿಂತಿತು. ಪರದೆಯ ಮೇಲೆ ಮೂಳೆಯ ಅಂಚು ಒಂದು ಬಿಳಿ ಗೆರೆ, ಅದರ ಮೇಲೆ ಬೂದು ಬಣ್ಣದ ಮಾಂಸ. ಬಲಗಡೆ ಗೆರೆ ನಮ್ಮ ಕೆರೆ ಏರಿಯಂತೆ ನೆಟ್ಟಗಿತ್ತು. ಎಡಗಡೆ, ಊತದ ಕೆಳಗೆ, ಏರಿ ಒಡೆದ ಹಾಗೆ ತುಂಡುತುಂಡು. ಒಡಕಿನ ತುಂಬ ಕಪ್ಪು. ಡಾಕ್ಟರು ಕೋಲನ್ನು ಅಲ್ಲೇ ಮೂರು ಸಲ ಆಡಿಸಿದರು.

ಮುಗಿದ ಮೇಲೆ ದ್ರೌಪದಿ ಡಾಕ್ಟರ ಮೇಜಿನ ಮುಂದೆ ನನ್ನ ಪಕ್ಕ ಬಂದು ಕೂತಳು.

“ಆಂಟಿ, ಒಸಡಿಗೆ ಹೊಗೆಸೊಪ್ಪು, ಕಡ್ಡಿಪುಡಿ ಇಡೋ ಅಭ್ಯಾಸ ಇದೆಯಾ?”

ಎಡಗೆನ್ನೆ ಮುಟ್ಟಿ ತೋರಿಸಿದಳು.

“ಯಾರ್ ಕಲಿಸಿದ್ದು ಇದನ್ನ?”

“ತವರ್ನಾಗೇ ಕಲ್ತಿದ್ದು ಕಣವ್ವ. ನಮ್ಮಣ್ಣ ಕಲಿಸ್ದ.”

ಊತದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ನನ್ನೊಬ್ಬನನ್ನೇ ಕರೆದು, “ಅಂಕಲ್, ಕ್ಯಾನ್ಸರ್ ಇರಬಹುದು ಅಂತ ಅನುಮಾನ. ಹೌದಾದ್ರೆ ದವಡೆಯ ಆ ಭಾಗಾನೇ ತೆಗೀಬೇಕಾಗುತ್ತೆ,” ಎಂದರು. ಇಪ್ಪತ್ತನೇ ತಾರೀಕು ಶುಕ್ರವಾರ ರಿಪೋರ್ಟು.

ಅವಳಿಗೆ ಹೇಳಿಲ್ಲ. ಎರಡು ಹಲ್ಲು ಕಿತ್ತರೆ ಮುಗಿಯಿತು ಎಂದುಕೊಂಡಿದ್ದಾಳೆ. ನಿನ್ನೆ, “ಮುದ್ದೆ ನುಂಗೋರ್ಗೆ ಅಲ್ಲು ಯಾಕೆ ಬುಡು,” ಎಂದು ನಕ್ಕಳು. ನಾನು ತಟ್ಟೆ ಸರಿಸಿ ಎದ್ದೆ. ಕಣ್ಣು ಮುಚ್ಚಿದರೆ ಆ ಒಡಕೇ ಕಾಣುತ್ತದೆ. ಶುಕ್ರವಾರ ಬನ್ನಿ ಭಾವ. ಒಬ್ಬನೇ ಆ ಆಸ್ಪತ್ರೆಯ ಬಾಗಿಲಲ್ಲಿ ಕೂರಲಾರೆ.

ಅಕ್ಕನವರಿಗೆ ನಮಸ್ಕಾರ. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ, ಹಲ್ಲು ಗಟ್ಟಿಯಾಗಿ ನೂರು ವರ್ಷ ಬಾಳಲಿ.

ನಿಮ್ಮ
ಅಶ್ವತ್ಥಪ್ಪ

ಮರೆತಿದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ನಿಮ್ಮ ಮನೆಯಿಂದ ಬಂದಾಗ ಅವಳಿಗೆ ಕಡ್ಡಿಪುಡಿಯ ವಾಸನೆಯೂ ಆಗುತ್ತಿರಲಿಲ್ಲ. ಮದುವೆಯಾದ ವರ್ಷ ಹಲ್ಲುನೋವೆಂದು ಅತ್ತಾಗ, ನನ್ನ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಆ ಒಸಡಿಗೆ ಒತ್ತಿದವನು ನಾನು. ನೋವು ನಿಂತಿತೆಂದು ಬೀಗಿದೆ. ಆಮೇಲೆ ಪ್ರತಿ ಶನಿವಾರ ಮಲ್ಲಿಗೆಯ ಜೊತೆ ಪೊಟ್ಟಣವನ್ನೂ ತಂದುಕೊಟ್ಟೆ, ಮೂವತ್ತೆಂಟು ವರ್ಷ. ಡಾಕ್ಟರಿಗೆ ನಿಮ್ಮ ಮೇಲೆ ಹೇಳುವಾಗ ಅವಳು ಮೇಜಿನ ಕೆಳಗೆ ನನ್ನ ಕಾಲನ್ನು ಅದುಮಿ ಹಿಡಿದಿದ್ದಳು. ನಾನು ಸುಮ್ಮನೆ ಕೂತೆ. ಶುಕ್ರವಾರವೂ ಅದುಮುತ್ತಾಳೆ. ನೀವು ಗಟ್ಟಿಯಾಗಿ ‘ನಾನಲ್ಲ’ ಎಂದುಬಿಡಿ ಭಾವ. ನೀವು ಹೇಳದಿದ್ದರೆ ನಾನು ಮತ್ತೆ ಸುಮ್ಮನೆ ಕೂತುಬಿಡುತ್ತೇನೆ.