ಕೈ ಎತ್ತಲಾಗದವರ ಮೇಲೆ ಬಿದ್ದ ಲಾಠಿ

ಇಂಗಳೇಶ್ವರ, ಅಕ್ಟೋಬರ್ ೧೯೭೮

ಮಾನ್ಯ ಪೊಲೀಸ್ ಅಧಿಕಾರಿಗಳೇ,

ತಮ್ಮ ಪೇದೆ ನನ್ನ ಗಂಡನ ಮೂರು ಹಲ್ಲು ಉದುರಿಸಿ, ಬಲಗೈ ಮುರಿದು, ಠಾಣೆಯ ಡೈರಿಯಲ್ಲಿ ‘ಕುಡಿದು ಬಿದ್ದಿದ್ದ’ ಎಂದು ಬರೆದಿದ್ದಾನೆ. ಹಲ್ಲು ಹೋದವು, ಹೋಗಲಿ. ಆ ಬರಹ ಇರಬಾರದು. ಠಾಣೆಯ ಹೆಸರು ನಾನು ಹೇಳುವುದಿಲ್ಲ, ತಮಗೆ ಗೊತ್ತಿಲ್ಲದ್ದೇನಲ್ಲ.

ನಾನು ಊರಿನ ಶಾಲೆಯ ಶಿಕ್ಷಕಿ. ನನ್ನ ಗಂಡ ಮಾನಪ್ಪ ಬಂಡಿಯ ಗಾಲಿ ಮಾಡುತ್ತಿದ್ದ ಬಡಿಗ. ಎರಡು ವರ್ಷದ ಹಿಂದೆ ಅವರ ಕೈಯಿಂದ ಕಟ್ಟಿಗೆ ಕೆತ್ತುವ ಬಾಚಿ ಜಾರತೊಡಗಿತು. ಆಮೇಲೆ ಕಾಲು ಎಡವಿತು, ನಾಲಿಗೆ ತೊಡರಿತು. ಇದು ನರ ಸಾಯುವ ರೋಗ, ಬುದ್ಧಿಗೂ ಕಿವಿಗೂ ಏನೂ ಆಗದು, ಸದ್ಯಕ್ಕೆ ಔಷಧವಿಲ್ಲ ಎಂದರು ಮಿರಜದ ಡಾಕ್ಟರು. ಈ ಆಗಸ್ಟಿನಲ್ಲಿ ಅವರದೇ ಕಾರ್ಡು ಬಂತು: ಹೊರದೇಶದಲ್ಲಿ ಹೊಸ ಇಂಜೆಕ್ಷನ್ ಪರೀಕ್ಷಿಸುತ್ತಿದ್ದಾರೆ, ಸೆಪ್ಟೆಂಬರ್ ಹನ್ನೆರಡನೇ ತಾರೀಖು ಮುಂಬಯಿಯ ಡಾಕ್ಟರೊಬ್ಬರು ಇಲ್ಲಿಗೆ ಬಂದು ರೋಗಿಗಳನ್ನು ನೋಡುತ್ತಾರೆ, ಗ್ಯಾರಂಟಿ ಇಲ್ಲ, ಬನ್ನಿ. ಅದನ್ನು ಓದಿಸಿಕೊಂಡು ಇವರು ಅಂದು ಹಾಲಿನಲ್ಲಿ ನೆನೆಸಿದ ರೊಟ್ಟಿ ಒಂದು ಹೆಚ್ಚೇ ಉಂಡರು.

ಹನ್ನೊಂದರಂದು ಮಿರಜಕ್ಕೆ ಹೊರಟೆವು. ಬಸ್ಸು ಬದಲಿಸುವ ಊರಲ್ಲಿ ಇವರನ್ನು ಕಟ್ಟೆಯ ಮೇಲೆ ಕೂರಿಸಿ ನೀರಿಗೆ ಹೋದೆ. ಬರುವಷ್ಟರಲ್ಲಿ ಇವರು ನೆಲಕ್ಕೆ ಬಿದ್ದಿದ್ದರು. ಪೇದೆ ಬೂಟುಗಾಲಿನಿಂದ ಒದೆಯುತ್ತಿದ್ದ.

“ಏ ಮಗನ, ಮುಂಜಾನೇನ ಏರಿಸೀಯೇನು? ಹೆಸರೇನಲೇ?”

“ಮಾ... ಮಾ...” ಎಂದರು ಇವರು.

“ನನಗ ಮಾಮಾ ಅಂತಾನ!” ಎಂದು ಲಾಠಿ ಬೀಸಿದ.

ಏಟು ಬಂದಾಗ ಯಾರ ಕೈಯಾದರೂ ತಲೆಗೆ ಅಡ್ಡ ಹೋಗುತ್ತದೆ. ಇವರ ಕೈ ಏಳಲಿಲ್ಲ. ಅಷ್ಟೂ ಲಾಠಿ ಏಟನ್ನು ಮುಖವೇ ತಿಂದಿತು, ಬಲಗೈ ಬೂಟಿನಡಿ ಮುರಿಯಿತು. “ಬ್ಯಾಡ್ರೀ, ಅವರಿಗೆ ರೋಗ ಐತ್ರೀ!” ಎಂದು ಕೂಗಿದೆ. ಸುತ್ತ ನಿಂತವರು ನಕ್ಕರು. ಕಾರ್ಡು ತೋರಿಸಿದೆ, ಹರಿದು ಎಸೆದ. ಆಗ ನಾನು ಅವನ ಕೈ ಕಚ್ಚಿದೆ, ಎಲುಬು ತಾಗುವ ತನಕ. ಸರಕಾರಿ ಕೆಲಸಕ್ಕೆ ಅಡ್ಡಿ ಎಂದು ನನ್ನ ಮೇಲೆ ಕೇಸು ಹಾಕಿದ್ದೀರಿ. ಕಚ್ಚಿದ್ದು ನಿಜ. ಆದರೆ ಕೈ ಎತ್ತಲಾಗದವರನ್ನು ಬಡಿಯುವುದು ಸರಕಾರಿ ಕೆಲಸವೆಂದು ಮಕ್ಕಳಿಗೆ ಯಾವ ಪಾಠದಲ್ಲಿ ಕಲಿಸಲಿ?

ನಮ್ಮಿಬ್ಬರನ್ನೂ ಎರಡು ದಿನ ಠಾಣೆಯಲ್ಲಿ ಕೂರಿಸಿದಿರಿ. ಮುಂಬಯಿಯ ಡಾಕ್ಟರು ಬಂದು ಹೋದರು. ಬಿಡುವಾಗ ತಮ್ಮ ಇನ್ಸ್‌ಪೆಕ್ಟರ್ ಸಾಹೇಬರು, “ಕುಡದಿಲ್ಲಂದ್ರ ಅವನೇ ಬಾಯಿ ಬಿಟ್ಟು ಹೇಳಬೇಕಿತ್ತು” ಎಂದರು. ಎಂಥ ನ್ಯಾಯ!

ಡೈರಿಯ ಆ ಸಾಲು ಹೊಡೆದುಹಾಕಿ. ತಾವೇ ನಮ್ಮ ಮನೆಗೆ ಬಂದು, ಇವರೆದುರು ಕುಳಿತು, ಮಾನಪ್ಪ ಕುಡಿದಿರಲಿಲ್ಲ ಎಂದು ಗಟ್ಟಿಯಾಗಿ ಹೇಳಿ. ಇವರು ಉತ್ತರ ಕೊಡುತ್ತಾರೆ. ಅದು ತಿಳಿಯಲು ಹೊತ್ತು ಹಿಡಿಯುತ್ತದೆ, ಕಾಯಬೇಕು. ಇವರ ಉಸಿರು ಸಣ್ಣದಾಗುತ್ತಿದೆ. ಸುಗ್ಗಿಯಲ್ಲಿ ಜೋಳದ ರಾಶಿಯಾಗುವ ತನಕ ತಡಮಾಡಬೇಡಿ.

ಇಂತಿ,
ತಮ್ಮ ಡೈರಿಯ ಪ್ರಕಾರ ಕುಡುಕನ ಹೆಂಡತಿ,
ರೇವವ್ವ ಬಡಿಗೇರ